ಹಿಂದಿನ ಆಕ್ಸಲ್ ಮುರಿಯುವ ಮುಂಚೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂ ಕಡೆ ಈಗ ಟ್ರ್ಯಾಕ್ಟರ್ ಇಲ್ಲದ ಊರು ಸಿಗುವುದು ಕಷ್ಟ. ಹೊಲ ರಂಟೆ ಹೊಡೆಯಲು ಟ್ರ್ಯಾಕ್ಟರ್ ಬೇಕು. ಕಬ್ಬು ಸಾಗಿಸಲು ಟ್ರ್ಯಾಕ್ಟರ್ ಬೇಕು. ಗೊಬ್ಬರ, ಕಲ್ಲು, ಉಸುಕು ತರಲೂ ಅದೇ ಬೇಕು.

ಟ್ರ್ಯಾಕ್ಟರ್ ಹೊಲದ ಗಾಡಿ. ಎರಿಮಣ್ಣಿನ ಕೆಸರಿನಲ್ಲಿ ಹೋಗುತ್ತದೆ. ಹಳ್ಳ ದಾಟುತ್ತದೆ. ಗುಡ್ಡ ಏರುತ್ತದೆ. ಇಷ್ಟು ಗಟ್ಟಿ ಗಾಡಿಯ ಹಿಂದಿನ ಆಕ್ಸಲ್ ಕೂಡ ಒಮ್ಮೊಮ್ಮೆ ಮುರಿಯುತ್ತದೆ. ಆಗ ಕೆಲಸ ನಿಲ್ಲುತ್ತದೆ, ಸಾಲ ಬೆಳೆಯುತ್ತದೆ. ಕೆಲವು ಸಲ ಜೀವವೇ ಹೋಗುತ್ತದೆ.

ಆಕ್ಸಲ್ ಯಾಕೆ ಮುರಿಯುತ್ತದೆ? ಮುರಿಯುವ ಮುಂಚೆ ಏನು ಸೂಚನೆ ಕೊಡುತ್ತದೆ? ಮುರಿದರೆ ನಾವು ಏನು ಮಾಡಬೇಕು? ಬನ್ನಿ, ತಿಳಿಯೋಣ.

ಚಕ್ಕಡಿಯ ಅಚ್ಚು, ಟ್ರ್ಯಾಕ್ಟರಿನ ಆಕ್ಸಲ್

ಚಕ್ಕಡಿ ನಮಗೆಲ್ಲ ಗೊತ್ತು. ಅದರ ಎರಡು ಗಾಲಿಗಳ ನಡುವೆ ಅಚ್ಚು ಇರುತ್ತದೆ. ಕೆಲವು ಕಡೆ ಅದಕ್ಕೆ ಇರಸು ಎನ್ನುತ್ತಾರೆ. ಗಾಲಿ ಕಳಚಬಾರದು ಎಂದು ತುದಿಗೆ ಕಡಾಣಿ ಹಾಕುತ್ತೇವೆ. ಚಕ್ಕಡಿಯ ಅಚ್ಚು ತಿರುಗುವುದಿಲ್ಲ. ಅಚ್ಚಿನ ಮೇಲೆ ಗಾಲಿ ತಿರುಗುತ್ತದೆ. ಎತ್ತು ಎಳೆಯುತ್ತದೆ, ಅಚ್ಚು ಭಾರ ಹೊರುತ್ತದೆ.

ಟ್ರ್ಯಾಕ್ಟರಿನಲ್ಲಿ ಹಾಗಲ್ಲ. ಎಂಜಿನ್ನಿನ ಬಲ ಗೇರಿನಿಂದ ಹಿಂದಕ್ಕೆ ಬರುತ್ತದೆ. ಅಲ್ಲಿ ಹಲ್ಲುಗಾಲಿಗಳ ಒಂದು ಜೋಡಣೆ ಇದೆ. ಅದರ ಹೆಸರು ಡಿಫರೆನ್ಶಿಯಲ್. ಅದು ಬಲವನ್ನು ಎಡಕ್ಕೂ ಬಲಕ್ಕೂ ಹಂಚುತ್ತದೆ. ಎರಡೂ ಕಡೆ ಒಂದೊಂದು ಉಕ್ಕಿನ ಶಾಫ್ಟ್ ಇರುತ್ತದೆ. ಅದರ ತುದಿಗೆ ದೊಡ್ಡ ಗಾಲಿ. ಶಾಫ್ಟ್ ತಿರುಗಿದರೆ ಗಾಲಿ ತಿರುಗುತ್ತದೆ.

ಅಂದರೆ ಈ ಶಾಫ್ಟಿಗೆ ಎರಡು ಕೆಲಸ. ಒಂದು, ಭಾರ ಹೊರುವುದು. ಎರಡು, ಗಾಲಿ ತಿರುಗಿಸುವುದು. ಚಕ್ಕಡಿಯಲ್ಲಿ ಅಚ್ಚು ಮತ್ತು ಎತ್ತು ಹಂಚಿಕೊಂಡ ಕೆಲಸವನ್ನು ಇಲ್ಲಿ ಒಂದೇ ಶಾಫ್ಟ್ ಮಾಡುತ್ತದೆ.

ಯಾಕೆ ಮುರಿಯುತ್ತದೆ?

ಮೊದಲನೆಯ ಕಾರಣ ಹೆಚ್ಚಿನ ಭಾರ. ಎರಡು ಗಾಲಿಯ ಟ್ರೇಲರಿನ ಸ್ವಲ್ಪ ಭಾರ ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಮೇಲೂ ಬೀಳುತ್ತದೆ.

ಎರಡನೆಯ ಕಾರಣ ಜಗ್ಗು. ಗಾಲಿ ಕೆಸರಿನಲ್ಲಿ ಹುಗಿಯುತ್ತದೆ. ಡ್ರೈವರ್ ಎಂಜಿನ್ ಜೋರು ಮಾಡಿ ಕ್ಲಚ್ ಫಟ್ಟನೆ ಬಿಡುತ್ತಾನೆ. ಗಾಲಿ ಅಲ್ಲಾಡುವುದಿಲ್ಲ, ಶಾಫ್ಟ್ ಮಾತ್ರ ತಿರುಚುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ.

ಮೂರನೆಯ ಕಾರಣ ಡಿಫರೆನ್ಶಿಯಲ್ ಲಾಕ್. ಇದನ್ನು ಒತ್ತಿದರೆ ಎರಡೂ ಗಾಲಿ ಕೂಡಿ ತಿರುಗುತ್ತವೆ. ಕೆಸರಿನಿಂದ ನೆಟ್ಟಗೆ ಹೊರಗೆ ಬರಲು ಇದು ಒಳ್ಳೆಯದು. ಆದರೆ ಗಟ್ಟಿ ನೆಲದಲ್ಲಿ ಲಾಕ್ ಒತ್ತಿ ತಿರುವು ತೆಗೆದುಕೊಂಡರೆ ಶಾಫ್ಟಿಗೆ ಪೆಟ್ಟು.

ನಾಲ್ಕನೆಯ ಕಾರಣ ನಮ್ಮ ಅಲಕ್ಷ್ಯ. ಎಣ್ಣೆ ಕಡಿಮೆ. ಬೇರಿಂಗ್ ಸವೆದಿದೆ. ಗಾಲಿಯ ನಟ್ಟು ಸಡಿಲ. ಇವು ದಿನಾಲೂ ಸ್ವಲ್ಪ ಸ್ವಲ್ಪ ಶಾಫ್ಟನ್ನು ತಿನ್ನುತ್ತವೆ.

ಒಂದು ಲೆಕ್ಕ ಮಾಡೋಣ

ಟ್ರೇಲರಿನ ಆರ್.ಸಿ. ಪುಸ್ತಕ ಅಥವಾ ಕಾರ್ಡು ನೋಡಿ. ತುಂಬಿದ ಟ್ರೇಲರಿನ ತೂಕ ಎಷ್ಟರವರೆಗೆ ಇರಬಹುದು ಎಂದು ಅದರಲ್ಲಿ ಇರುತ್ತದೆ. ಕಾರ್ಖಾನೆಯ ಕಾಟಾ ಚೀಟಿಯಲ್ಲೂ ತೂಕ ಬರೆದಿರುತ್ತದೆ. ಎರಡನ್ನೂ ಪಕ್ಕದಲ್ಲಿ ಇಡಿ.

ಆರ್.ಸಿ.ಯಲ್ಲಿ 7 ಟನ್ ಇದೆ ಎನ್ನೋಣ. ಕಾಟಾದಲ್ಲಿ ಅದೇ ಟ್ರೇಲರ್ 11 ಟನ್ ತೂಗಿತು ಎನ್ನೋಣ. 11ರಲ್ಲಿ 7 ಕಳೆದರೆ 4. ನಾಲ್ಕು ಟನ್ ಹೆಚ್ಚಿನ ಭಾರ! ಒಂದು ಖೇಪು ಉಳಿಯಿತು ಎಂದು ಖುಷಿಪಡುತ್ತೇವೆ. ಆ ಉಳಿಕೆಯನ್ನು ಆಕ್ಸಲ್ ಒಂದೇ ದಿನದಲ್ಲಿ ನುಂಗಬಹುದು.

ಆಕ್ಸಲ್ ಹೇಳುವ ಮಾತು

ಆಕ್ಸಲ್ ಬಹಳ ಸಲ ಹೇಳಿಯೇ ಮುರಿಯುತ್ತದೆ. ದಿನಾ ಬೆಳಿಗ್ಗೆ ಹೀಗೆ ನೋಡೋಣ:

1. ಹಿಂದಿನ ಗಾಲಿಯ ಒಳಮಗ್ಗುಲಲ್ಲಿ ಎಣ್ಣೆ ಇಳಿದಿದೆಯೇ? ಇಳಿದಿದ್ದರೆ ಎಣ್ಣೆ ಸೀಲ್ ಹೋಗಿದೆ. ಬೇರಿಂಗೂ ಸವೆದಿರಬಹುದು.
2. ಗಾಲಿಯ ನಟ್ಟಿನ ಸುತ್ತ ತುಕ್ಕಿನ ಪುಡಿ ಇದೆಯೇ? ಇದ್ದರೆ ನಟ್ಟು ಸಡಿಲಾಗಿದೆ.
3. ಹೋಗುವಾಗ ಗಾಲಿ ಓಲಾಡುತ್ತದೆಯೇ?
4. ಗೇರು ಹಾಕಿ ಕ್ಲಚ್ ಬಿಟ್ಟಾಗ ಹಿಂದೆ ಟಕ್ ಎನ್ನುತ್ತದೆಯೇ? ಗುಂಯ್ ಎಂಬ ಸಪ್ಪಳ ಬರುತ್ತದೆಯೇ?
5. ಒಂದು ಕಡೆಯ ಆಕ್ಸಲ್ ಇನ್ನೊಂದು ಕಡೆಗಿಂತ ಹೆಚ್ಚು ಬಿಸಿಯಾಗುತ್ತದೆಯೇ?

ಒಂದಕ್ಕೆ ಹೌದು ಎಂದರೂ ಮಿಸ್ತ್ರಿಗೆ ತೋರಿಸಬೇಕು. ಸೀಲು, ಬೇರಿಂಗಿನ ಖರ್ಚು ಸಣ್ಣದು. ಆಕ್ಸಲಿನ ಖರ್ಚು ದೊಡ್ಡದು.

ವೆಲ್ಡಿಂಗ್ ಸಾಕೇ?

ಡ್ರೈವರ್: ಮಿಸ್ತ್ರಿ ಕಾಕಾ, ಆಕ್ಸಲ್ ಮುರದೈತ್ರಿ. ಒಂದ್ ವೆಲ್ಡಿಂಗ್ ಹೊಡದ ಕೊಡ್ರಿ. ನಾಳೆ ನಮ್ಮ ಕಬ್ಬಿನ ಪಾಳಿ ಐತಿ.

ಮಿಸ್ತ್ರಿ: ಇದು ಹೊಲದ ಗೇಟ್ ಅಲ್ಲ ತಮ್ಮಾ. ನಾ ಹೊಡ್ಯಾಂಗಿಲ್ಲ.

ಡ್ರೈವರ್: ಯಾಕ್ರಿ? ಕಬ್ಬಿಣ ಕಬ್ಬಿಣ ಕೂಡೂದಿಲ್ಲೇನ್ರಿ?

ಮಿಸ್ತ್ರಿ: ಕೂಡತೈತಿ. ಆದ್ರ ಕುಡಗೋಲು ಉರಿಯೂ ಒಲಿಯಾಗ ಬಿದ್ರ ಏನಾಗತೈತಿ? ಕಮ್ಮಾರ ಕೊಟ್ಟ ಹದ ಹೋಗತೈತಿ ಹೌದಿಲ್ಲೋ? ಇದೂ ಹಂಗ. ಕಾರ್ಖಾನ್ಯಾಗ ಕಾಸಿ, ತಣಿಸಿ, ಹದಾ ಕೊಟ್ಟ ಉಕ್ಕು. ವೆಲ್ಡಿಂಗಿನ ಕಾವಿಗೆ ಆ ಹದಾ ಕೆಡತೈತಿ. ಬೆಸಿಗಿ ಮಗ್ಗಲದಾಗ ಮತ್ತ ಸೀಳತೈತಿ.

ಡ್ರೈವರ್: ಒಂದ್ ಖೇಪರ ತಡದೀತಲ್ರಿ?

ಮಿಸ್ತ್ರಿ: ತಡದೀತು, ತಡೀಲಿಕ್ಕಿಲ್ಲ. ಹೊಲದಾಗ ಮುರದ್ರ ರೊಕ್ಕ ಹೋಗತೈತಿ. ಇಳಕಲದಾಗ ಮುರದ್ರ?

ಇಳಕಲಿನಲ್ಲಿ ಏನಾಗುತ್ತದೆ?

ಮಿಸ್ತ್ರಿಯ ಪ್ರಶ್ನೆ ದೊಡ್ಡದು. ಒಂದು ಕಡೆಯ ಶಾಫ್ಟ್ ಮುರಿಯಿತು ಎನ್ನೋಣ. ಎಂಜಿನ್ನಿನ ಬಲವೆಲ್ಲ ಮುರಿದ ತುಂಡನ್ನು ಸುಮ್ಮನೆ ತಿರುಗಿಸಲು ಹೋಗುತ್ತದೆ. ಇನ್ನೊಂದು ಗಾಲಿಗೆ ಬಲ ಸಿಗುವುದಿಲ್ಲ. ಟ್ರ್ಯಾಕ್ಟರ್ ಮುಂದೆ ಹೋಗುವುದಿಲ್ಲ.

ಇಳಕಲಿನಲ್ಲಿ ಇದರ ಉಲ್ಟಾ ಆಗುತ್ತದೆ. ಗೇರಿನಲ್ಲಿದ್ದರೂ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ. ಅನೇಕ ಟ್ರ್ಯಾಕ್ಟರುಗಳಲ್ಲಿ ಮುರಿದ ಕಡೆಯ ಬ್ರೇಕೂ ಗಾಲಿಯನ್ನು ಹಿಡಿಯುವುದಿಲ್ಲ. ಒಂದೇ ಕಡೆ ಬ್ರೇಕ್ ಹಿಡಿದು ಗಾಡಿ ಆ ಕಡೆಗೆ ಎಳೆಯುತ್ತದೆ. ಹಿಂದಿನಿಂದ ಟ್ರೇಲರ್ ನೂಕುತ್ತದೆ. ಶಾಫ್ಟಿನ ಹೊರತುದಿ ಮುರಿದರೆ ಗಾಲಿಯೇ ಕಳಚಿ ಟ್ರ್ಯಾಕ್ಟರ್ ಮಗುಚಬಹುದು.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಾವು ಹೋಗುತ್ತೇವೆ. ಚಕ್ಕಡಿಯ ಜೊತೆಗೆ ಈಗ ಟ್ರ್ಯಾಕ್ಟರುಗಳೂ ಹೋಗುತ್ತವೆ. ಟ್ರೇಲರಿನಲ್ಲಿ ಹೆಂಗಸರು, ಮಕ್ಕಳು ಕೂತಿರುತ್ತಾರೆ. ಗುಡ್ಡ ಏರಬೇಕು, ಮತ್ತೆ ಇಳಿಯಬೇಕು. ಟ್ರೇಲರ್ ಮಾಲು ಸಾಗಿಸಲು ಇದೆ. ಅದರಲ್ಲಿ ಜನರನ್ನು ಒಯ್ಯುವುದು ಕಾಯ್ದೆಗೆ ವಿರುದ್ಧ. ಕಾಯ್ದೆಯ ಮಾತು ಒಂದು ಕಡೆ ಇರಲಿ. ಬೆಸುಗೆ ಹಾಕಿದ ಆಕ್ಸಲಿನ ಹಿಂದೆ ನಮ್ಮ ಮಕ್ಕಳನ್ನು ಕೂಡಿಸಬಹುದೇ? ನಾವೇ ಯೋಚಿಸೋಣ.

ದಾರಿಯಲ್ಲಿ ಮುರಿದರೆ

ಮೊದಲು ಗಾಲಿಗಳ ಮುಂದೆ, ಹಿಂದೆ ದೊಡ್ಡ ಕಲ್ಲು ಇಡಿ. ಗೇರು ಹಾಕಿದ್ದೇನೆ ಎಂದು ನಂಬಬೇಡಿ. ಟ್ರೇಲರಿನ ಗಾಲಿಗೂ ಕಲ್ಲು ಇಡಿ. ಆಮೇಲೆ ಮಾತ್ರ ಕೊಂಡಿ ಬಿಚ್ಚಿ. ಹಿಂದೆ ಬರುವವರಿಗೆ ದೂರದಿಂದಲೇ ಕಾಣುವ ಗುರುತು ಇಡಿ. ಹಗಲಿನಲ್ಲಿ ಕೆಂಪು ಬಟ್ಟೆ, ರಾತ್ರಿ ದೀಪ.

ಎರಿಮಣ್ಣಿನಲ್ಲಿ ಜಾಕು ಹುಗಿಯುತ್ತದೆ. ಜಾಕಿನ ಕೆಳಗೆ ದಪ್ಪ ಹಲಗೆ ಇಡಬೇಕು. ಎತ್ತಿದ ಮೇಲೆ ಆಕ್ಸಲಿನ ಕೆಳಗೆ ಗಟ್ಟಿ ದಿಮ್ಮಿ ಕೊಡಬೇಕು. ಬರೀ ಜಾಕನ್ನು ನಂಬಿ ಯಾರೂ ಕೆಳಗೆ ಹೋಗಬಾರದು. ನೀರು ತುಂಬಿದ ಹಿಂದಿನ ಗಾಲಿ 200 ಕಿಲೋಕ್ಕಿಂತ ಹೆಚ್ಚು ಇರಬಹುದು. ಒಬ್ಬರೇ ಬಿಚ್ಚಬಾರದು.

ಮುರಿದ ತುಂಡನ್ನು ಓದೋಣ

ಮುರಿದ ತುಂಡನ್ನು ಎಸೆಯಬೇಡಿ. ಅದು ಕಾರಣ ಹೇಳುತ್ತದೆ. ಮುರಿದ ಮುಖದ ಒಂದು ಭಾಗ ಕಪ್ಪಾಗಿ, ತುಕ್ಕು ಹಿಡಿದು, ನುಣುಪಾಗಿದೆಯೇ? ಉಳಿದ ಭಾಗ ಹೊಸದಾಗಿ, ಹರಳು ಹರಳಾಗಿ ಹೊಳೆಯುತ್ತದೆಯೇ? ಹಾಗಿದ್ದರೆ ಬಿರುಕು ಹಳೆಯದು. ಬಹಳ ದಿನದಿಂದ ಒಳಗೇ ಬೆಳೆದಿದೆ. ಮುಖವೆಲ್ಲ ಹೊಸದಾಗಿದ್ದು, ಶಾಫ್ಟಿನ ಹಲ್ಲು ಹಗ್ಗದಂತೆ ಹೊಸೆದಿದ್ದರೆ ಒಮ್ಮೆಲೇ ಬಿದ್ದ ಜಗ್ಗಿಗೆ ಮುರಿದಿದೆ.

ಹೊಸ ಆಕ್ಸಲ್ ಹಾಕಿಸುವಾಗ

ಟ್ರ್ಯಾಕ್ಟರಿನ ಮಾದರಿ ಮತ್ತು ಬಿಡಿಭಾಗದ ನಂಬರು ಹೇಳಿ ಕೊಳ್ಳೋಣ. ಡಬ್ಬಿಯ ಮೇಲಿನ ನಂಬರು ನಾವೇ ಓದೋಣ. ಬಿಲ್ ಕೇಳಿ ಪಡೆಯೋಣ. ಹೊಸ ಶಾಫ್ಟಿನ ಜೊತೆ ಹೊಸ ಎಣ್ಣೆ ಸೀಲ್ ಹಾಕಿಸೋಣ. ಬೇರಿಂಗ್ ಸವೆದಿದ್ದರೆ ಅದನ್ನೂ ಬದಲಿಸೋಣ. ಹಳೆಯ ಎಣ್ಣೆ ತೆಗೆಸಬೇಕು. ಒಳಗೆ ಬಿದ್ದ ಉಕ್ಕಿನ ಚೂರು ಪೂರ್ತಿ ತೆಗೆಯಬೇಕು. ಒಂದು ಚೂರು ಉಳಿದರೂ ಹಲ್ಲುಗಾಲಿ ಹಾಳು. ಇನ್ನೊಂದು ಕಡೆಯ ಶಾಫ್ಟನ್ನೂ ನೋಡಿಸಬೇಕು. ಅದೂ ಅಷ್ಟೇ ಭಾರ ಹೊತ್ತಿದೆ.

ನಟ್ಟುಗಳನ್ನು ಎದುರು ಬದುರಾಗಿ ಬಿಗಿಯಬೇಕು. ಒಂದು ದಿನ ಓಡಿಸಿದ ಮೇಲೆ ಮತ್ತೆ ಬಿಗಿಯಬೇಕು.

ಇನ್ನು ಮುಂದೆ ಗಾಲಿ ಹುಗಿದರೆ ಜಗ್ಗಬೇಡಿ. ಟ್ರೇಲರ್ ಬಿಚ್ಚಿ. ಗಾಲಿಯ ಮುಂದಿನ ಮಣ್ಣು ತೆಗೆಯಿರಿ. ಕಲ್ಲು, ಕಣಿಕೆ ಹಾಕಿ. ಸಣ್ಣ ಗೇರಿನಲ್ಲಿ ಮೆಲ್ಲಗೆ ಬನ್ನಿ. ಹಿಂದಿನ ಗಾಲಿಗೆ ದಿಮ್ಮಿ ಕಟ್ಟಬೇಡಿ. ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚಬಹುದು.

ಚಕ್ಕಡಿಗೆ ಕೀಲೆಣ್ಣೆ ಹಾಕದೆ, ಕಡಾಣಿ ನೋಡದೆ ನಮ್ಮ ಹಿರಿಯರು ಊರು ಬಿಡುತ್ತಿರಲಿಲ್ಲ. ಆ ರೂಢಿ ಟ್ರ್ಯಾಕ್ಟರಿಗೂ ಇರಲಿ.

ಉತ್ತರ ಹೇಳಿ

1. ಚಕ್ಕಡಿಯ ಅಚ್ಚಿಗೂ ಟ್ರ್ಯಾಕ್ಟರಿನ ಆಕ್ಸಲಿಗೂ ಏನು ವ್ಯತ್ಯಾಸ?
2. ಮುರಿದ ಆಕ್ಸಲಿಗೆ ವೆಲ್ಡಿಂಗ್ ಯಾಕೆ ಬೇಡ?
3. ನಿಮ್ಮೂರಿನ ಒಂದು ಟ್ರೇಲರಿನ ಆರ್.ಸಿ. ಮತ್ತು ಕಾಟಾ ಚೀಟಿ ನೋಡಿ. ಹೆಚ್ಚಿನ ಭಾರ ಎಷ್ಟು? ಲೆಕ್ಕ ಮಾಡಿ ಬರೆಯಿರಿ.