30 ಇಂಚಿನ ಬೇಸ್ ಧೈರ್ಯವಾಗಿ ಕೊಳ್ಳಿ

ಪ್ರಶ್ನೆ: 34 ಇಂಚಿನ ಬೇಸ್ ಗಿಟಾರ್ ನುಡಿಸಿದರೆ ಎಡ ಮಣಿಕಟ್ಟು ನೋಯುತ್ತದೆ. 30 ಇಂಚಿನ ಶಾರ್ಟ್ ಸ್ಕೇಲ್ ಮಕ್ಕಳಿಗೆ ಮಾತ್ರ ಅಂತಾರೆ ಗೆಳೆಯರು. ಕೊಳ್ಳಲೇ?

ಉತ್ತರ: ಖಂಡಿತ ಕೊಳ್ಳಿ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಪಿಟೀಲಿನಾಕಾರದ ಹಾಫ್ನರ್ ಕೂಡ ಶಾರ್ಟ್ ಸ್ಕೇಲ್ ಬೇಸೇ. ಗೆಳೆಯರ ಮಾತು ಬಿಟ್ಟುಬಿಡಿ.

ಅಂಗಡಿಯಲ್ಲಿ ಕೂತು ನುಡಿಸಿದರೆ ಸಾಲದು. ಪಟ್ಟಿ ಹಾಕಿಕೊಂಡು ನಿಂತು, ಎಡಗೈ ಬಿಟ್ಟು ನೋಡಿ. ನೆಕ್ ನೆಲದತ್ತ ಜಾರಿದರೆ ಆ ವಾದ್ಯ ಬೇಡ; ಅದನ್ನು ಎತ್ತಿಹಿಡಿಯುವ ಕೆಲಸ ಮತ್ತೆ ನೋಯುವ ಕೈಗೇ ಬೀಳುತ್ತದೆ.

ಶಾರ್ಟ್ ಸ್ಕೇಲ್‌ನಲ್ಲಿ ತಂತಿಯ ಉದ್ದ ಕಡಿಮೆಯಾದ್ದರಿಂದ ಅದೇ ಶ್ರುತಿಯಲ್ಲಿ ಅದರ ಬಿಗಿತವೂ ಕಡಿಮೆ. ದಪ್ಪನೆಯ 'ಇ' ತಂತಿ ಸಡಿಲವೆನಿಸಿ ಫ್ರೆಟ್‌ಗೆ ಬಡಿಯುವುದು ಇದರಿಂದಲೇ. ಶಾರ್ಟ್ ಸ್ಕೇಲ್‌ಗೆಂದೇ ತಯಾರಾದ, 'ಇ' ತಂತಿ 105 ಗೇಜ್ ಇರುವ ಸೆಟ್ ಹಾಕಿ.

ಶ್ರುತಿ ಮಾಡಿದ ಮೇಲೆ ಮೊದಲು ನೆಕ್ ನೋಡಿ. 'ಇ' ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಕೂಡುವಲ್ಲೂ ಒತ್ತಿಹಿಡಿದಾಗ ನಡುವಿನ ಫ್ರೆಟ್‌ಗೂ ತಂತಿಗೂ ಸುಮಾರು 0.3 ಮಿಲಿಮೀಟರ್ ಸಂದು ಉಳಿಯಬೇಕು. ಹೆಚ್ಚಿದ್ದರೆ ನೆಕ್ ಒಳಗಿನ ಟ್ರಸ್ ರಾಡ್ ಬಿಗಿ ಮಾಡಿ, ಒಮ್ಮೆಗೆ ಕಾಲು ಸುತ್ತು ಮಾತ್ರ. ಅದು ಸುಲಭವಾಗಿ ತಿರುಗದಿದ್ದರೆ ಬಲ ಹಾಕದೆ ರಿಪೇರಿಯವರಿಗೆ ಕೊಡಿ. ಆಮೇಲೆ 12ನೇ ಫ್ರೆಟ್ ಮೇಲೆ 'ಇ' ತಂತಿಯ ಎತ್ತರವನ್ನು ಸುಮಾರು 2.5 ಮಿಲಿಮೀಟರ್‌ಗೆ ತನ್ನಿ. ಕೊನೆಗೆ ಅದೇ ಫ್ರೆಟ್ ಒತ್ತಿದ ಸ್ವರವನ್ನೂ ಅಲ್ಲಿಯ ಹಾರ್ಮೋನಿಕನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್‌ನ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಹೊಸ ಬೇಸ್‌ನಲ್ಲೂ ಮಣಿಕಟ್ಟು ನೋಯುತ್ತಿದ್ದರೆ ನುಡಿಸುವುದನ್ನು ನಿಲ್ಲಿಸಿ, ದಯವಿಟ್ಟು ವೈದ್ಯರನ್ನು ಕಾಣಿ.