ಶೀಟಿನ ಧೂಳು ಮತ್ತು ನೆರೆಯವನ ಹಕ್ಕು

ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದು ಸತ್ಕರ್ಮವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಮನೆಯ ಹಳೆಯ ಶೀಟನ್ನು ಒಡೆದು ಅದೇ ದಾರಿಯ ಬದಿಗೆ ಸುರಿಯುವಾಗ ಆ ಪಾಠ ನಮಗೆ ನೆನಪಾಗುತ್ತದೆಯೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಓಣಿಗಳಲ್ಲಿ ಸಿಮೆಂಟ್ ಶೀಟಿನ ಮನೆಗಳಿಗೆ ಕೊರತೆಯಿಲ್ಲ. ಆರ್‌ಸಿಸಿ ಹಾಕಿಸಲು ಹಣ ಸಾಲದ ಬಡವನಿಗೆ ಅದೇ ನೆರಳು. ಅದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಇಂತಹ ಅನೇಕ ಶೀಟುಗಳಲ್ಲಿ ಸಿಮೆಂಟಿನ ಜೊತೆ ಸುಮಾರು ಶೇ. 10ರಷ್ಟು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬೆರೆತಿರುತ್ತದೆ ಎಂಬುದನ್ನು ತಿಳಿದಿರಬೇಕು.

ಗಟ್ಟಿಯಾಗಿರುವ ಶೀಟು ಮೇಲೆ ಸುಮ್ಮನಿದ್ದರೆ ಅಪಾಯ ಕಡಿಮೆ. ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ನಾರುಗಳು ಗಾಳಿಗೆ ಸೇರುತ್ತವೆ. ಉಸಿರಿನೊಂದಿಗೆ ಒಳಹೊಕ್ಕು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ. ಕ್ರಮೇಣ ಶ್ವಾಸಕೋಶ ಗಡುಸಾಗಿ ಏದುಸಿರು ಬರುತ್ತದೆ. ಕ್ಯಾನ್ಸರ್ ಕೂಡ ಬರಬಹುದು. ಬೀಡಿ, ಸಿಗರೇಟು ಸೇದುವವನಿಗೆ ಅಪಾಯ ಹಲವು ಪಟ್ಟು ಹೆಚ್ಚು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. 50ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮಲ್ಲಿ ಅದರ ಶೀಟುಗಳು ಇಂದಿಗೂ ಮಾರಾಟವಾಗುತ್ತಿವೆ.

ರೋಗ ತಲೆದೋರಲು 20ರಿಂದ 40 ವರ್ಷ ಹಿಡಿಯಬಹುದು. ಆದ್ದರಿಂದಲೇ ಸುಪ್ರೀಂ ಕೋರ್ಟು 1995ರ ತೀರ್ಪಿನಲ್ಲಿ, ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾಪಾಡಬೇಕೆಂದು ಆದೇಶಿಸಿತು. ಆದರೆ ನಮ್ಮ ಮನೆಯ ಶೀಟು ಕೊಯ್ದು ಕೂಲಿ ಪಡೆದು ಹೋದವನ ದಾಖಲೆಯನ್ನು ಯಾರು ಇಟ್ಟಿದ್ದಾರೆ? ಬೆವರು ಆರುವ ಮುನ್ನ ಕೂಲಿ ಕೊಟ್ಟೆವೆಂದು ತೃಪ್ತರಾಗುವ ನಾವು, ಅವನ ಉಸಿರಿಗೂ ಹೊಣೆಗಾರರಲ್ಲವೇ?

ಆದುದರಿಂದ ಕೆಲವು ವಿಷಯಗಳನ್ನು ಪಾಲಿಸಿರಿ. ಶೀಟನ್ನು ಒಡೆಯದೆ, ನೀರು ಚಿಮುಕಿಸಿ ತೋಯಿಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿರಿ. ಮಕ್ಕಳನ್ನು ದೂರವಿಡಿರಿ. ಧೂಳನ್ನು ಗುಡಿಸಬೇಡಿರಿ, ಒದ್ದೆ ಬಟ್ಟೆಯಿಂದ ಒರೆಸಿರಿ. ಮೂಗಿಗೆ ಕಟ್ಟಿದ ಕರವಸ್ತ್ರ ಈ ನಾರನ್ನು ತಡೆಯದು. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿರಿ. ಚೂರುಗಳನ್ನು ಒಲೆಯ ಬಳಿಗಾಗಲಿ, ರಸ್ತೆಯ ಗುಂಡಿಗಾಗಲಿ ಹಾಕದೆ, ದಪ್ಪ ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ವಿಲೇವಾರಿಯ ಬಗ್ಗೆ ಪುರಸಭೆ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಿರಿ.

ಪ್ರಿಯ ಓದುಗರೇ, ಅರಿಯದೆ ಮಾಡಿದ್ದು ಬೇರೆ. ಅರಿತ ಮೇಲೂ ಮಾಡುವುದು ಬೇರೆ. ನಮ್ಮ ಶರೀರ ಅಲ್ಲಾಹನು ಕೊಟ್ಟ ಅಮಾನತ್ತು. ನೆರೆಯವನ ಶರೀರವೂ, ಕೂಲಿಯವನ ಶರೀರವೂ ಹಾಗೆಯೇ.