ಕಚೇರಿಯ ಚಾಟ್‌ಬಾಟ್ ಮತ್ತು ನೌಕರರ ಖಾಸಗಿತನ

ನಮ್ಮ ಶಾಲೆಯಲ್ಲಿ ಅಕ್ಷರ ಕಲಿತ ಅನೇಕರು ಇಂದು ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ದುಡಿಯುತ್ತಿರುವುದು ಹೆಮ್ಮೆಯ ಸಂಗತಿ. ಅವರ ಮೇಜಿನ ಮೇಲೀಗ ಚಾಟ್‌ಬಾಟ್ ಎಂಬ ಹೊಸ ಸಹಾಯಕನಿದ್ದಾನೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಬಂದ ಬಳಿಕ ಪತ್ರರಚನೆ, ವರದಿಯ ಸಂಕ್ಷೇಪ, ಭಾಷಾಂತರ ಇವೆಲ್ಲ ಸುಲಭವಾಗಿವೆ. ಈ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅದಕ್ಕೆ ಹೇಳಿದ ಮಾತು ಯಾರ ಕೈಸೇರುತ್ತದೆಂಬುದನ್ನು ಅರಿಯದೆ ಬಳಸುವುದು ಹಿತವಲ್ಲ.

ಉದ್ಯೋಗಸ್ಥೆಯೊಬ್ಬಳು ರಜೆಯ ಅರ್ಜಿ ಬರೆಯುವುದಕ್ಕಾಗಿ ತನ್ನ ವೈದ್ಯಕೀಯ ವರದಿಯನ್ನೇ ಚಾಟ್‌ಬಾಟಿಗೆ ಒಪ್ಪಿಸಿದಳೆಂದು ಭಾವಿಸೋಣ. ಎದುರಿಗೆ ಮನುಷ್ಯರಿಲ್ಲದ ಕಾರಣ ಆಕೆಗೆ ಸಂಕೋಚವಿಲ್ಲ. ಆದರೆ ಕಚೇರಿಯು ಒದಗಿಸಿದ ಖಾತೆಯಾದರೆ ಅಲ್ಲಿನ ಸಂಭಾಷಣೆಯನ್ನು ಆಡಳಿತವರ್ಗವು ತೆರೆದು ನೋಡುವ ಸಾಧ್ಯತೆಯಿದೆ. ಸ್ವಂತದ ಉಚಿತ ಖಾತೆಯಾದರೆ, ಬೇಡವೆಂದು ಮೊದಲೇ ಸೂಚಿಸದಿದ್ದಲ್ಲಿ, ಬರೆದುದು ಯಂತ್ರದ ತರಬೇತಿಗೆ ಬಳಕೆಯಾಗಬಹುದು. ಲಕೋಟೆಯೊಳಗಿಟ್ಟೆನೆಂದು ಆಕೆ ತಿಳಿದ ಪತ್ರವು ವಾಸ್ತವವಾಗಿ ಅಂಚೆ ಕಾರ್ಡು.

ಅಳಿಸಿದರೆ ಸಾಕೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಓಪನ್‌ಎಐ ಸಂಸ್ಥೆಯ ಮೇಲೆ ಹೂಡಿದ ದಾವೆಯಲ್ಲಿ, ಬಳಕೆದಾರರು ಅಳಿಸಿದ ಸಂಭಾಷಣೆಗಳನ್ನೂ ಕಾಯ್ದಿಡಬೇಕೆಂದು ಅಮೆರಿಕದ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಆಜ್ಞಾಪಿಸಿತು. ಆ ನಿರ್ಬಂಧವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತಾದರೂ ಅದರ ಪಾಠ ಉಳಿದಿದೆ.

ಖಾಸಗಿತನವು ಮೂಲಭೂತ ಹಕ್ಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಏಕಕಂಠದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರೆಲ್ಲರೂ ನೆನೆಯತಕ್ಕ ವಿಷಯ. ಆದರೆ 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಉದ್ಯೋಗದ ಉದ್ದೇಶಗಳಿಗಾಗಿ ಹಾಗೂ ಸಂಸ್ಥೆಯನ್ನು ನಷ್ಟದಿಂದ ಕಾಪಾಡುವುದಕ್ಕಾಗಿ ನೌಕರರ ಮಾಹಿತಿಯನ್ನು ಪ್ರತ್ಯೇಕ ಸಮ್ಮತಿಯಿಲ್ಲದೆ ಬಳಸಲು ಮಾಲೀಕರಿಗೆ ಅವಕಾಶವಿತ್ತಿದೆ. ಮಾಲೀಕರ ಭಯವೂ ನಿರಾಧಾರವಲ್ಲ. 2023ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ನೌಕರರು ಗೋಪ್ಯವಾದ ಸಾಫ್ಟ್‌ವೇರ್ ಬರಹವನ್ನು ಚಾಟ್‌ಜಿಪಿಟಿಗೆ ಕೊಟ್ಟುದು ಬೆಳಕಿಗೆ ಬಂದು, ಸಂಸ್ಥೆಯು ಅಂತಹ ಸಾಧನಗಳನ್ನು ನಿಷೇಧಿಸಬೇಕಾಯಿತು. ಆದುದರಿಂದ ಹಕ್ಕು ನಮ್ಮದಾಗಿದ್ದರೂ ಎಚ್ಚರವೂ ನಮ್ಮದೇ ಆಗಿರಬೇಕು.

ಗಮನಿಸಬೇಕಾದ ಅಂಶಗಳು ಇಂತಿವೆ:

1. ಕಚೇರಿಯ ನಿಯಮವನ್ನು ಮೊದಲು ಓದಿರಿ. ಸಂಭಾಷಣೆಯನ್ನು ಯಾರು ನೋಡಬಹುದು, ಎಷ್ಟು ಕಾಲ ಇಡುತ್ತಾರೆ ಎಂದು ಕೇಳಿ ತಿಳಿಯಿರಿ.

2. ರೋಗ, ಸಾಲ, ಸಂಸಾರದ ಕಷ್ಟ, ಮೇಲಧಿಕಾರಿಯೊಡನಿನ ಮನಸ್ತಾಪ ಇವನ್ನು ಕಚೇರಿಯ ಯಂತ್ರಕ್ಕೆ ಹೇಳದಿರಿ.

3. ಸಹೋದ್ಯೋಗಿಯ ಸಂಬಳ, ರೋಗಿಯ ವಿವರ, ಗ್ರಾಹಕನ ಖಾತೆ ಪರರ ಸ್ವತ್ತು. ಹೆಸರು, ಸಂಖ್ಯೆಗಳನ್ನು ತೆಗೆದ ಮೇಲೂ ಅನುಮತಿಯಿದ್ದರೆ ಮಾತ್ರ ಬಳಸಿರಿ.

ಸಂಸ್ಥೆಗಳನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ನೋಡುವುದಿದ್ದರೆ ನೋಡುತ್ತೇವೆಂದು ನೌಕರರಿಗೆ ಮುಂಚಿತವಾಗಿ ತಿಳಿಸಿರಿ. ತಿಳಿಸಿ ನೋಡುವುದು ಮೇಲ್ವಿಚಾರಣೆ. ತಿಳಿಸದೆ ನೋಡುವುದು ಕದ್ದು ನೋಡುವುದೇ ಸರಿ. ಪರರ ಪತ್ರವನ್ನು ಒಡೆದು ಓದಬಾರದೆಂದು ಬಾಲ್ಯದಲ್ಲಿ ಕಲಿತ ನೀತಿ ಯಂತ್ರ ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ.